ಕಂಡ ಬೀಸು, ಕಾಣದ ಪೆಟ್ಟು



ಕಣ್ಣಿನಿಂದ ನೋಡಿಯೇ ಅರಿಯಬೇಕಾದ ವಿಷಯವೊಂದನ್ನು, ಕಿವಿಗಲ್ಲದೆ ಬೇರಾವ ಇಂದ್ರಿಯಕ್ಕೂ ಎಟುಕದ ಬಾನುಲಿಯ ಮೂಲಕ ನಿರೂಪಿಸಲು ಹೊರಟಿರುವ ನನ್ನ ಸಾಹಸವನ್ನು ತಾವು ಮೊದಲಿಗೇ ಕ್ಷಮಿಸಬೇಕು. ಈ ಸಾಹಸಕ್ಕೆ ಪ್ರೇರಣೆಯೂ ಬಾನುಲಿಯಿಂದಲೇ ದೊರೆತುದು. ಬಹು ವರ್ಷಗಳ ಹಿಂದೆ, ಮಂಗಳೂರಿನ ಕದ್ರಿ ಗುಡ್ಡದ ಮೇಲಿನ ಆಕಾಶವಾಣಿ ನಿಲಯದಲ್ಲಿ ನನ್ನ ಮೊತ್ತಮೊದಲ ಭಾಷಣವನ್ನು ಓದಿ ಮುಗಿಸಿ, ಧ್ವನಿಮುದ್ರಿತವಾದುದನ್ನು ಅಲ್ಲಿಯವರು ನನಗೆ ತಿರುಗಿ ಕೇಳಿಸಿದಾಗ, ಶೀತ ಹಿಡಿದ ಯಾವನೋ ಗುಮಾಸ್ತನ ಕೀರಲು ಧ್ವನಿ ಹೇಗೋ ಯಂತ್ರದೊಳಕ್ಕೆ ನುಸುಳಿದೆಯೆಂದು ಭಾವಿಸಿ, "ನನ್ನದು ಯಾವಾಗ ಬರುತ್ತದೆ?" ಎಂದು ನಾನು ವಿಚಾರಿಸಿದ್ದುಂಟು. ನಮ್ಮ ಧ್ವನಿ ನಮಗೆ ಗಾಳಿಯಿಂದ ಮಾತ್ರವಲ್ಲದೆ ತಲೆಬುರುಡೆಯ ಎಲುಬುಗಳ ಮೂಲಕವೂ ತಲುಪುವುದರಿಂದ ಅದು ಇರುವುದಕ್ಕಿಂತ ಗಂಭೀರವಾಗಿ ಕೇಳಿಸುತ್ತದೆಯೆಂಬ ಶಾಸ್ತ್ರಸಮ್ಮತವಾದ ಸಮಾಧಾನ ಅನಂತರ ದೊರೆಯಿತಾದರೂ, ಮನೆಮಂದಿಯೂ ನೆರೆಹೊರೆಯೂ ದಿನವಿಡೀ ಕೇಳುತ್ತಿದ್ದ ನನ್ನ ಧ್ವನಿಯನ್ನು ಅದುವರೆಗೆ ಕೇಳದೆ ಉಳಿದವನು ನಾನೊಬ್ಬನೇ ಎಂಬ ಸಂಗತಿ ಮಾತ್ರ ಮನಸ್ಸಿನಲ್ಲಿ ಹಾಗೆಯೇ ಉಳಿದುಬಿಟ್ಟಿತು.

ಅದೇ ಅನುಭವ, ವಯಸ್ಸು ಅರುವತ್ತು ದಾಟಿದ ಮೇಲೆ, ಮೈಯ ವಿಷಯದಲ್ಲಿ ನನಗೆ ಒದಗಿತು. ಹಂಪನಕಟ್ಟೆಯ ಜನಸಂದಣಿಯ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ, ನಿವೃತ್ತಿಯ ತರುವಾಯ ವೈದ್ಯರು ನಡಿಗೆಯನ್ನು ವಿಧಿಸಿದರು. ಸುಮ್ಮನೆ ನಡೆಯುವುದು ಬೇಸರವೆಂದು ಗೊಣಗಿದ ನನ್ನನ್ನು ಸ್ನೇಹಿತರೊಬ್ಬರು ಪಿಲಿಕುಳದ ಗಾಲ್ಫ್ ಮೈದಾನಕ್ಕೆ ಕರೆದೊಯ್ದರು. ತುಳುವಿನಲ್ಲಿ ಪಿಲಿಯೆಂದರೆ ಹುಲಿ, ಕುಳವೆಂದರೆ ಕೊಳ. ಹುಲಿ ನೀರು ಕುಡಿಯುತ್ತಿದ್ದ ಕೊಳದ ಪರಿಸರದಲ್ಲಿ ಮುದುಕನೊಬ್ಬ ಕೋಲು ಹಿಡಿದು ಬಿಳಿಯ ಚೆಂಡೊಂದನ್ನು ಬೆದರಿಸುವ ದೃಶ್ಯವನ್ನು ತಾವೇ ಊಹಿಸಿಕೊಳ್ಳಿ. ನಮ್ಮ ನಾಡಿಗೆ ಈ ಆಟ ಹೊಸತೇನೂ ಅಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ಬು 1876ರಷ್ಟು ಹಿಂದೆಯೇ ಸ್ಥಾಪಿತವಾದುದು. ಇದು ಉಳ್ಳವರ ಆಟವೆಂಬ ಆಕ್ಷೇಪಣೆಯಲ್ಲಿ ಸತ್ಯಾಂಶ ಬೇಕಾದಷ್ಟಿದೆ, ಅದನ್ನು ಅಲ್ಲಗಳೆಯಲು ನಾನು ಬಂದವನಲ್ಲ. ಆದರೆ ಇದರಲ್ಲಿ ಒಂದು ವಿಚಿತ್ರವಾದ ನ್ಯಾಯವುಂಟು. ನೆಹರೂ ಮೈದಾನದ ಕ್ರಿಕೆಟ್ಟಿನಲ್ಲಿ ಚೆಂಡು ಎಸೆದವನನ್ನೋ, ನೆಲದ ಉಬ್ಬುತಗ್ಗನ್ನೋ, ಕಡೆಗೆ ಅಂಪೈರನನ್ನೋ ದೂರಬಹುದು; 46 ಗ್ರಾಮಿಗಿಂತ ತುಸು ಕಡಿಮೆ ತೂಗುವ ಗಾಲ್ಫ್ ಚೆಂಡು ಇಟ್ಟಲ್ಲೇ ಕುಳಿತು, ಎಷ್ಟು ಹೊತ್ತು ಬೇಕಾದರೂ ಕಾಯುತ್ತದೆಯಾದುದರಿಂದ, ತಪ್ಪನ್ನು ಹೊರಿಸಲು ಎರಡನೆಯ ವ್ಯಕ್ತಿಯೇ ಅಲ್ಲಿಲ್ಲ.

ಆಟಗಾರರು ಸ್ವಿಂಗ್ ಎನ್ನುವುದನ್ನು ನಾನು ಈ ಭಾಷಣದಲ್ಲಿ ಬೀಸು ಎಂದೇ ಕರೆಯುತ್ತೇನೆ. ಮೊದಲ ಕೆಲವು ವಾರಗಳಲ್ಲಿ ನನ್ನ ಬೀಸಿನ ವಿಷಯದಲ್ಲಿ ನನಗೆ ಸದಭಿಪ್ರಾಯವಿತ್ತು. ಎಡಗೈ ನೇರವಾಗಿರುವುದನ್ನು, ತಲೆ ಅಲುಗದಿರುವುದನ್ನು, ಸೊಂಟ ಮೊದಲು ತಿರುಗಿ ಭುಜಗಳು ಅದನ್ನು ಅನುಸರಿಸುವುದನ್ನು ನನ್ನ ಮೈ ಸ್ಪಷ್ಟವಾಗಿ ಅನುಭವಿಸುತ್ತಿತ್ತು; ಚೆಂಡು ಮಾತ್ರ ಯಾಕೋ ಬಲಕ್ಕೆ ವಾಲಿ ಪೊದೆಯನ್ನು ಸೇರುತ್ತಿತ್ತು. ನನಗೆ ಕಲಿಸುತ್ತಿದ್ದ ತರುಣ, ನನ್ನ ಮಗನಿಗಿಂತಲೂ ಕಿರಿಯವನು, ಒಂದು ದಿನ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಮೊಬೈಲನ್ನು ನಿಲ್ಲಿಸಿ, ಐದಾರು ಬೀಸುಗಳನ್ನು ಚಿತ್ರೀಕರಿಸಿ, "ಬೇಜಾರು ಮಾಡ್ಬೇಡಿ ಸಾರ್, ಒಮ್ಮೆ ನೋಡಿ" ಎಂದು ಮೆಲ್ಲನೆ ಕೈಗಿತ್ತನು. ಪರದೆಯ ಮೇಲೆ ಕಂಡ ವೃದ್ಧನ ಎಡಗೈ ಮೊಣಕೈಯಲ್ಲಿ ಕುಡುಗೋಲಿನಂತೆ ಬಾಗಿತ್ತು. ತಲೆ ನೀರಿನ ಮೇಲಣ ತೆಂಗಿನ ಕರಟದಂತೆ ಏಳುತ್ತ ಮುಳುಗುತ್ತಿತ್ತು. ಸೊಂಟ ತನಗೂ ಈ ವ್ಯವಹಾರಕ್ಕೂ ಸಂಬಂಧವೇ ಇಲ್ಲವೆಂಬಂತೆ ತಟಸ್ಥವಾಗಿತ್ತು. ಶೀತ ಹಿಡಿದ ಗುಮಾಸ್ತ ಮರಳಿ ಬಂದಿದ್ದನು.

ಕಣ್ಣಿಗೆ ಮೀರಿದ ವೇಗವನ್ನು ತಡೆದು ನಿಲ್ಲಿಸಿ ನೋಡಬೇಕೆಂಬ ಹಂಬಲ ಈ ಆಟದಿಂದ ಹುಟ್ಟಿದುದಲ್ಲ, ಕುದುರೆಯಿಂದ ಹುಟ್ಟಿದುದು. ಓಡುವ ಕುದುರೆಯ ನಾಲ್ಕು ಗೊರಸುಗಳೂ ಏಕಕಾಲಕ್ಕೆ ನೆಲವನ್ನು ಬಿಡುವುದುಂಟೋ ಎಂಬ ಪ್ರಶ್ನೆಗೆ, ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಕ್ಯಾಮೆರಾಗಳನ್ನು ಸಾಲಾಗಿ ಹೂಡಿ ಉತ್ತರ ಹೇಳಿದನು: ಬಿಡುವುದುಂಟು, ಆದರೆ ಚಿತ್ರಕಾರರು ಶತಮಾನಗಳ ಕಾಲ ಬರೆದಂತೆ ಕಾಲುಗಳು ಮುಂದಕ್ಕೂ ಹಿಂದಕ್ಕೂ ಚಾಚಿಕೊಂಡಿರುವಾಗಲ್ಲ, ಹೊಟ್ಟೆಯ ಕೆಳಗೆ ಮುದುಡಿಕೊಂಡಿರುವಾಗ. ಕಂಬಳದ ಗದ್ದೆಯ ಬದುವಿನಲ್ಲಿ ನಿಂತು, ಕೆಸರುನೀರಿನ ಗೋಡೆಯೊಂದು ತಮ್ಮತ್ತ ಧಾವಿಸಿ ಬರುವುದನ್ನಲ್ಲದೆ ಕೋಣಗಳ ಕಾಲನ್ನು ಎಂದೂ ಕಾಣದ ನಮ್ಮ ಜಿಲ್ಲೆಯವರಿಗೆ ಈ ಪ್ರಶ್ನೆಯ ಸ್ವಾರಸ್ಯ ಬೇಗನೆ ತಿಳಿದೀತು. ಗಾಲ್ಫಿನ ಸರದಿ ಬಂದದ್ದು ಅರ್ಧ ಶತಮಾನದ ಮೇಲೆ. 1930ರಲ್ಲಿ ಒಂದೇ ವರ್ಷದೊಳಗೆ ನಾಲ್ಕು ಮಹಾಪ್ರಶಸ್ತಿಗಳನ್ನೂ ಗೆದ್ದು ಆಟದಿಂದ ನಿವೃತ್ತನಾದ ಬಾಬಿ ಜೋನ್ಸ್, ಮರುವರ್ಷ ವಾರ್ನರ್ ಬ್ರದರ್ಸ್ ಕಂಪೆನಿಗಾಗಿ ನಟಿಸಿದ ಕಿರುಚಿತ್ರಗಳಲ್ಲಿ ತನ್ನ ಬೀಸನ್ನು ಮಂದಗತಿಯಲ್ಲಿ ತೋರಿಸಿದನು. 1938ರಲ್ಲಿ ಹೆರಾಲ್ಡ್ ಎಡ್ಜರ್ಟನ್ ಎಂಬ ಅಮೆರಿಕದ ಇಂಜಿನಿಯರು, ಕತ್ತಲೆಯಲ್ಲಿ ಮಿಂಚಿನಂತೆ ಮೇಲಿಂದ ಮೇಲೆ ಹೊಳೆಯುವ ದೀಪದ ಸಹಾಯದಿಂದ, ಡೆನ್ಸ್‌ಮೋರ್ ಷೂಟ್ ಎಂಬ ಆಟಗಾರನ ಒಂದು ಸಮಗ್ರ ಬೀಸನ್ನು ಒಂದೇ ಚಿತ್ರದಲ್ಲಿ ಬೀಸಣಿಗೆಯ ಕಡ್ಡಿಗಳಂತೆ ಹರಡಿ ತೋರಿಸಿದನು. ಅಂದು ಪ್ರಯೋಗಶಾಲೆಗೆ ಮಾತ್ರ ಸಾಧ್ಯವಾಗಿದ್ದುದು ಇಂದು ಹಂಪನಕಟ್ಟೆಯ ಸಿಗ್ನಲ್ಲಿನಲ್ಲಿ ರಸ್ತೆ ದಾಟುವ ಪ್ರತಿಯೊಬ್ಬನ ಅಂಗಿಯ ಜೇಬಿನಲ್ಲಿದೆ.

ಜೇಬಿನಲ್ಲಿದೆಯೆಂದ ಮಾತ್ರಕ್ಕೆ ಅದು ಸತ್ಯವನ್ನೇ ನುಡಿಯುತ್ತದೆಂದು ನಂಬಬಾರದು. ಈ ವಿಷಯದಲ್ಲಿ ನಾನು ಪಟ್ಟ ಪಾಡನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಕಾಲದ ಲೆಕ್ಕವನ್ನು ಮೊದಲು ನೋಡೋಣ. ಕೋಲು ಮೇಲಿನ ತುದಿಯಿಂದ ಕೆಳಗಿಳಿದು ಚೆಂಡನ್ನು ಮುಟ್ಟುವುದಕ್ಕೆ ಸೆಕೆಂಡಿನ ಕಾಲು ಭಾಗದಷ್ಟು, ಹೆಚ್ಚೆಂದರೆ ಅದಕ್ಕಿಂತ ತುಸು ಮಿಗಿಲಾದ ಕಾಲ ಸಾಕು. ಸೆಕೆಂಡಿಗೆ 30 ಚಿತ್ರಗಳನ್ನು ಹಿಡಿಯುವ ಸಾಧಾರಣ ಕ್ಯಾಮೆರಾಕ್ಕೆ ಈ ಅವಧಿಯಲ್ಲಿ ಏಳೆಂಟು ಚಿತ್ರಗಳಷ್ಟೇ ದಕ್ಕುತ್ತವೆ. ನನ್ನಂಥ ಅಭ್ಯಾಸಿಯ ಕೋಲಿನ ತಲೆಯೂ ಚೆಂಡಿನ ಬಳಿ ಸೆಕೆಂಡಿಗೆ 30 ಮೀಟರಿನಷ್ಟು ವೇಗವನ್ನು ಪಡೆಯುವುದರಿಂದ, ಒಂದು ಚಿತ್ರಕ್ಕೂ ಮರುಚಿತ್ರಕ್ಕೂ ನಡುವೆ ಅದು ಒಂದು ಮೀಟರು ಮುಂದೆ ಹೋಗಿರುತ್ತದೆ. ಒಂದರಲ್ಲಿ ಕೋಲು ಚೆಂಡಿಗಿನ್ನೂ ತಲುಪಿಲ್ಲ, ಮುಂದಿನದರಲ್ಲಿ ಚೆಂಡು ಅಲ್ಲಿಲ್ಲ. ಈಗಿನ ಮೊಬೈಲುಗಳು ಮಂದಗತಿಗಾಗಿ ಸೆಕೆಂಡಿಗೆ 240 ಚಿತ್ರಗಳನ್ನು ಹಿಡಿಯುತ್ತವೆಯಾದರೂ, ಆಗಲೂ ಉಳಿಯುವ ಅಂತರ ಸುಮಾರು ಒಂದು ಗೇಣಿನ ಅರ್ಧದಷ್ಟಿದೆ. ಕೋಲಿನ ಮುಖವೂ ಚೆಂಡೂ ಪರಸ್ಪರ ಸ್ಪರ್ಶದಲ್ಲಿರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು ಮಾತ್ರ. 240ರ ವೇಗದಲ್ಲಿಯೂ ಎರಡು ಚಿತ್ರಗಳ ನಡುವಣ ಬಿಡುವಿನಲ್ಲಿ ಅಂಥ ಸ್ಪರ್ಶಗಳು ಎಂಟಾದರೂ ಬಂದುಹೋಗಬಹುದು. ಬೀಸು ಕಾಣುತ್ತದೆ, ಪೆಟ್ಟು ಕಾಣುವುದಿಲ್ಲ.

ಇನ್ನೊಂದು ಚೋದ್ಯವೆಂದರೆ, ಕೆಳಗಿಳಿಯುವ ನನ್ನ ಕೋಲು ಪರದೆಯ ಮೇಲೆ ಬಾಳೆಯ ಎಲೆಯ ದಂಟಿನಂತೆ ಬಾಗಿ ಕಂಡದ್ದು. ಷೂಟನ ಪ್ರಸಿದ್ಧ ಚಿತ್ರದಲ್ಲಿಯೂ ಕೋಲು ಬಾಗಿಯೇ ಇದೆಯಲ್ಲವೇ ಎಂದು ನಾನು ಒಳಗೊಳಗೇ ಹಿಗ್ಗಿದೆ. ಆದರೆ ಅವನ ಕೋಲು ಬಾಗಿದುದು ಅವನ ಬಲದಿಂದ. ನನ್ನದು ಬಾಗಿದುದು ಬಹುಮಟ್ಟಿಗೆ ಯಂತ್ರದ ಮಾಯೆಯಿಂದ. ಮೊಬೈಲಿನ ಕ್ಯಾಮೆರಾ ಚಿತ್ರವನ್ನು ಒಮ್ಮೆಗೇ ಗ್ರಹಿಸದೆ, ನೇಕಾರನು ಎಳೆಯ ಮೇಲೆ ಎಳೆ ಕೂಡಿಸುವಂತೆ ಸಾಲುಸಾಲಾಗಿ ಓದಿಕೊಳ್ಳುವುದರಿಂದ, ಕೊನೆಯ ಸಾಲನ್ನು ಓದುವಷ್ಟರಲ್ಲಿ ಕೋಲು ಮುಂದೆ ಸರಿದಿರುತ್ತದೆ. ನೆಟ್ಟಗಿದ್ದುದು ಡೊಂಕಾಗಿ ಕಾಣುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕೆಡಿಸಿದುದು ಕ್ಯಾಮೆರಾ ನಿಲ್ಲುವ ಸ್ಥಾನ. ಬಲ್ಲವರು ಇದನ್ನು ಎರಡು ಕಡೆಗಳಿಂದ ಹಿಡಿಯುತ್ತಾರೆ: ಆಟಗಾರನ ಎದೆಗೆ ಎದುರಾಗಿ ಒಂದು, ಗುರಿಯತ್ತ ಮುಖಮಾಡಿ ಅವನ ಹಿಂದಿನಿಂದ ಒಂದು. ಹಿಂದಿನಿಂದ ಹಿಡಿಯುವಾಗ ಕ್ಯಾಮೆರಾ ಅವನ ಕೈಗಳ ಎತ್ತರದಲ್ಲಿದ್ದು, ಕೈಗಳ ನೇರಕ್ಕೇ ನಿಂತು, ಅವನ ಪಾದಗಳ ರೇಖೆಗೆ ಸಮಾಂತರವಾಗಿ ಗುರಿಯನ್ನು ನೋಡುತ್ತಿರಬೇಕು. ಇದಾವುದನ್ನೂ ಅರಿಯದ ನಾನು, ಮನೆಯ ತಾರಸಿಯ ಮೇಲೆ ಚೆಂಡಿಲ್ಲದೆ ಕೋಲು ಬೀಸುತ್ತ, ಮೊಮ್ಮಗನ ಕೈಗೆ ಮೊಬೈಲು ಕೊಟ್ಟೆ. ಅವನು ನೀರಿನ ಟಾಂಕಿಗೆ ಒರಗಿಕೊಂಡು, ನನ್ನ ಹಿಮ್ಮಡಿಗಳ ಕಡೆಯಿಂದ ಓರೆಯಾಗಿ ಹಿಡಿದನು. ಚಿತ್ರದಲ್ಲಿ ನನ್ನ ಕೋಲು ಹೊರಗಿನಿಂದ ಒಳಕ್ಕೆ, ಹುಲ್ಲು ಸವರುವ ಕತ್ತಿಯಂತೆ ಎಳೆದುಕೊಂಡು ಬರುತ್ತಿತ್ತು. ಚೆಂಡು ಬಲಕ್ಕೆ ವಾಲುವುದರ ಮೂಲಕಾರಣ ದೊರೆಯಿತೆಂಬ ಸಂಭ್ರಮದಲ್ಲಿ, ಎರಡು ವಾರಗಳ ಕಾಲ, ಇಲ್ಲದ ರೋಗಕ್ಕೆ ನಾನೇ ಔಷಧ ಕುಡಿದೆ. ಪರಿಣಾಮವಾಗಿ, ಮೊದಲು ಬಲಗಡೆಯ ಪೊದೆಯನ್ನು ಮಾತ್ರ ಸೇರುತ್ತಿದ್ದ ಚೆಂಡು ಎಡಗಡೆಯ ಪೊದೆಯನ್ನೂ ಪರಿಚಯ ಮಾಡಿಕೊಂಡಿತು. ತರುಣ ಗುರು ಚಿತ್ರವನ್ನು ನೋಡಿ ನಕ್ಕು, "ಇದರಲ್ಲಿ ತಪ್ಪು ನಿಮ್ಮದಲ್ಲ ಸಾರ್, ಮೊಬೈಲು ನಿಂತ ಜಾಗದ್ದು" ಎಂದನು.

ಹಂಪನಕಟ್ಟೆಯಲ್ಲಿ ನಾನು ಬಹುಕಾಲದಿಂದ ಹೋಗುವ ಕ್ಷೌರದ ಅಂಗಡಿಯೊಂದಿದೆ. ಕೆಲಸ ಮುಗಿದ ಮೇಲೆ ಅಲ್ಲಿಯವನು ಚಿಕ್ಕ ಕನ್ನಡಿಯೊಂದನ್ನು ನನ್ನ ತಲೆಯ ಹಿಂದೆ ಹಿಡಿಯುತ್ತಾನೆ. ಎದುರಿನ ದೊಡ್ಡ ಕನ್ನಡಿಯಲ್ಲಿ ನನ್ನ ಕುತ್ತಿಗೆಯ ಹಿಂಭಾಗ ನನಗೆ ಕಾಣುತ್ತದೆ. ಅದು ಹೇಗಿರಬೇಕೆಂಬುದು ಗೊತ್ತಿಲ್ಲದ ನಾನು ಗಾಂಭೀರ್ಯದಿಂದ "ಸರಿ ಉಂಟು" ಎನ್ನುತ್ತೇನೆ. ಅವನು ಕನ್ನಡಿಯನ್ನು ಕೆಳಗಿಡದೆ, "ಇಲ್ಲ, ಎಡದಲ್ಲಿ ಚೂರು ಉಂಟು" ಎಂದು ಮತ್ತೆ ಕತ್ತರಿಯನ್ನು ಎತ್ತಿಕೊಳ್ಳುತ್ತಾನೆ. ವಿಡಿಯೊ ಪಾಠದ ಅರ್ಧ ರಹಸ್ಯ ಈ ಎಡದ ಚೂರಿನಲ್ಲಿದೆ. ಯಕ್ಷಗಾನದ ಚೌಕಿಯಲ್ಲಿ ವೇಷಧಾರಿಯು ಕೈಗನ್ನಡಿ ಹಿಡಿದು ತನ್ನ ಮುಖವರ್ಣಿಕೆಯನ್ನು ತಾನೇ ಬರೆದುಕೊಳ್ಳುವನಾದರೂ, ರಂಗಸ್ಥಳದಲ್ಲಿ ತಾನು ಹಾಕಿದ ದಿಗಿಣವನ್ನು ಅವನು ಕಂಡವನಲ್ಲ. ಅದನ್ನು ಕಂಡು, ಹತ್ತು ಲೋಪಗಳಲ್ಲಿ ಒಂಬತ್ತನ್ನು ನುಂಗಿಕೊಂಡು, ಇಂದಿಗೆ ಹೇಳತಕ್ಕ ಒಂದನ್ನು ಮಾತ್ರ ಹೇಳುವುದು ಗುರುವಿನ ವಿವೇಕ. ಪರದೆಗೆ ಆ ವಿವೇಕವಿಲ್ಲ. ಅದು ಹತ್ತನ್ನೂ ಒಮ್ಮೆಗೇ ತೋರಿಸಿ ಮನುಷ್ಯನ ಕೈಕಾಲುಗಳನ್ನು ಕಟ್ಟಿಹಾಕುತ್ತದೆ.

ಇದು ನನ್ನ ವೈಯಕ್ತಿಕ ಅಳಲು ಮಾತ್ರವಲ್ಲವೆಂಬುದಕ್ಕೆ ಒಂದು ಪರೀಕ್ಷೆಯ ಆಧಾರವೂ ಉಂಟು. ಗ್ವಾಡಗ್ನೋಲಿ ಎಂಬವರೂ ಅವರ ಸಂಗಡಿಗರೂ 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 30 ಮಂದಿ ಆಟಗಾರರನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ವಿಡಿಯೊ ಸಹಿತವಾದ ಬೋಧನೆ, ಇನ್ನೊಂದಕ್ಕೆ ಬಾಯಿಮಾತಿನ ಬೋಧನೆ, ಮೂರನೆಯದಕ್ಕೆ ಗುರುವಿಲ್ಲದ ಸ್ವಂತ ಅಭ್ಯಾಸ. ಎಲ್ಲರಿಗೂ ತೊಂಬತ್ತು ನಿಮಿಷಗಳ ನಾಲ್ಕು ಪಾಳಿ. ಅಭ್ಯಾಸ ಮುಗಿದ ಕೂಡಲೇ ನಡೆಸಿದ ಪರೀಕ್ಷೆಯಲ್ಲಿ, ಬೋಧನೆ ಪಡೆದ ಎರಡೂ ಗುಂಪುಗಳು, ತಮ್ಮ ಪಾಡಿಗೆ ತಾವು ಹೊಡೆದುಕೊಂಡಿದ್ದ ಮೂರನೆಯ ಗುಂಪಿಗಿಂತ ಹಿಂದೆ ಬಿದ್ದುವು. ಎರಡು ವಾರಗಳು ಕಳೆದ ಮೇಲೆ ಮತ್ತೊಮ್ಮೆ ಪರೀಕ್ಷಿಸಿದಾಗ ಕ್ರಮ ತಲೆಕೆಳಗಾಗಿ, ಬೋಧನೆ ಪಡೆದವರು ಮುಂದಾದರು, ಅವರಲ್ಲಿಯೂ ವಿಡಿಯೊ ಕಂಡವರು ಎಲ್ಲರಿಗಿಂತ ಮುಂದಾದರು. ಈ ಫಲಿತಾಂಶವನ್ನು ಓದಿದ ರಾತ್ರಿ ನಾನು ನೆಮ್ಮದಿಯಿಂದ ನಿದ್ರಿಸಿದೆನೆಂದು ಹೇಳಲು ಸಂಕೋಚವಿಲ್ಲ. ನೇಜಿ ಕಿತ್ತು ಬೇರೆ ಗದ್ದೆಯಲ್ಲಿ ನೆಟ್ಟ ಮೇಲೆ ಕೆಲವು ದಿನ ಪೈರು ಬಾಡಿದಂತಿರುವುದನ್ನು ಕಂಡು ನಮ್ಮ ರೈತರು ಗಾಬರಿಯಾಗುವುದಿಲ್ಲವಷ್ಟೆ. ದೊಡ್ಡ ಆಟಗಾರರಿಗೂ ಈ ಬಾಡುವಿಕೆ ತಪ್ಪಿದ್ದಲ್ಲ. ಇಂಗ್ಲೆಂಡಿನ ನಿಕ್ ಫಾಲ್ಡೊ, ಗೆಲ್ಲುತ್ತಿದ್ದ ಬೀಸನ್ನೇ ಕಳಚಿಹಾಕಿ ಡೇವಿಡ್ ಲೆಡ್‌ಬೆಟರನ ಮಾರ್ಗದರ್ಶನದಲ್ಲಿ ಹೊಸತಾಗಿ ಕಟ್ಟಿಕೊಳ್ಳಲು ಸುಮಾರು ಎರಡು ವರ್ಷಗಳನ್ನು ವ್ಯಯಿಸಿದನು, ಆ ಅವಧಿಯಲ್ಲಿ ಜನರ ಕನಿಕರಕ್ಕೂ ಪಾತ್ರನಾದನು. 1987ರಲ್ಲಿ ಮ್ಯೂರ್‌ಫೀಲ್ಡಿನಲ್ಲಿ ಓಪನ್ ಪ್ರಶಸ್ತಿಯನ್ನು ಗೆದ್ದ ದಿನ ಅವನು ಹದಿನೆಂಟು ಕುಳಿಗಳನ್ನೂ ನಿಯಮಿತವಾದಷ್ಟೇ ಪೆಟ್ಟುಗಳಲ್ಲಿ, ಒಂದು ಹೆಚ್ಚಿಲ್ಲದೆ ಒಂದು ಕಡಿಮೆಯಿಲ್ಲದೆ, ಮುಗಿಸಿದ್ದನು.

ಕಂಡುದನ್ನು ಮೈಗೆ ಇಳಿಸುವ ಬಗೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪರದೆಯಲ್ಲಿ ಮೊಣಕೈ ಬಾಗಿದುದನ್ನು ಕಂಡವನು ಮುಂದಿನ ಬೀಸಿನಲ್ಲಿ ಮೊಣಕೈಯನ್ನೇ ಧ್ಯಾನಿಸುತ್ತಾನೆ. ಧ್ಯಾನ ಅಲ್ಲಿರುವಾಗ ಉಳಿದ ಮೈ ಅನಾಥವಾಗುತ್ತದೆ. ಗೇಬ್ರಿಯೆಲೆ ವುಲ್ಫ್ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ತೋಳುಗಳ ಚಲನೆಯನ್ನು ಗಮನಿಸುತ್ತ ಹೊಡೆದ ಹೊಸಬರಿಗಿಂತ, ಕೋಲಿನ ಚಲನೆಯನ್ನು ಗಮನಿಸುತ್ತ ಹೊಡೆದ ಹೊಸಬರು ಚೆನ್ನಾಗಿ ಕಲಿತರೆಂದು ಕಂಡುಬಂದಿತು. ನನ್ನ ಗುರು ಇದನ್ನು ಓದಿದವನಲ್ಲ. ಆದರೂ ಅವನು ನನ್ನ ಮೊಣಕೈಯ ಹೆಸರನ್ನೇ ಎತ್ತದೆ, "ಹೊಡೀಲಿಕ್ಕೆ ಹೋಗ್ಬೇಡಿ ಸಾರ್, ಕೋಲನ್ನು ಆ ಮರದ ಕಡೆಗೆ ಬೀಸಿಬಿಡಿ" ಎಂದಷ್ಟೇ ಹೇಳಿ, ಮತ್ತೆ ಚಿತ್ರೀಕರಿಸಿ ತೋರಿಸಿದಾಗ, ಕೈ ತಾನಾಗಿಯೇ ಮುಕ್ಕಾಲು ಪಾಲು ನೆಟ್ಟಗಾಗಿತ್ತು. ಉಳಿದ ಕಾಲುಪಾಲನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡೆವು.

ವಿಡಿಯೊ ನನಗೆ ಕೊಟ್ಟ ನಿಜವಾದ ಆನಂದ ಬೇರೊಂದು ದಿಕ್ಕಿನಿಂದ ಬಂದುದು. ಜಾನ್ ನೊವೊಸೆಲ್ ಎಂಬ ಅಮೆರಿಕದವನೊಬ್ಬ, ಪ್ರವೀಣರ ಬೀಸುಗಳ ವಿಡಿಯೊಗಳನ್ನು ಚಿತ್ರ ಚಿತ್ರವಾಗಿ ಎಣಿಸುತ್ತ ಹೋಗಿ, ಕೋಲು ಮೇಲೇರಲು 27 ಚಿತ್ರಗಳಾದರೆ ಕೆಳಗಿಳಿಯಲು 9, ಅಲ್ಲಿ 24 ಆದರೆ ಇಲ್ಲಿ 8, ಅಲ್ಲಿ 21 ಆದರೆ ಇಲ್ಲಿ 7 ಎಂಬಂತೆ, ಬೀಸು ನಿಧಾನವಿರಲಿ ತ್ವರಿತವಿರಲಿ, ಏರಿಕೆಗೂ ಇಳಿತಕ್ಕೂ ಇರುವ ಪ್ರಮಾಣ ಮೂರಕ್ಕೆ ಒಂದೆಂದು ಕಂಡುಕೊಂಡು, 2004ರಲ್ಲಿ ಪುಸ್ತಕವನ್ನೇ ಬರೆದನು. ಕಾಲವನ್ನು ಬದಲಿಸಿದರೂ ಪ್ರಮಾಣವನ್ನು ಬಿಡದ ಈ ಕಟ್ಟನ್ನು ಲಯವೆನ್ನದೆ ಬೇರೇನನ್ನಬೇಕು? ಬಾಲ್ಯದಿಂದ ಚೆಂಡೆಯ ಪೆಟ್ಟನ್ನು ಕೇಳುತ್ತ ಗದ್ದೆಬದಿಯಲ್ಲಿ ನಿದ್ದೆಗೆಟ್ಟ ನಮ್ಮೂರವರಿಗೆ ಇದನ್ನು ತಿಳಿಯಲು ಯಂತ್ರವೇ ಬೇಕೆಂದಿಲ್ಲ. ಆದರೂ ನನ್ನ ಬೀಸನ್ನು ನಾನೇ ಒಂದೊಂದಾಗಿ ಎಣಿಸಿ, 38ಕ್ಕೆ 9 ಎಂಬ ಬೇತಾಳ ಪ್ರಮಾಣವನ್ನು ಕಂಡ ಮೇಲೆ, ಏರಿಕೆಯಲ್ಲಿ ನಾನು ವೃಥಾ ತಡೆದು ನಿಲ್ಲುತ್ತಿದ್ದುದು ಖಚಿತವಾಯಿತು. ಈಗ ಮನಸ್ಸಿನಲ್ಲೇ ಮೂರು ಎಣಿಸಿ ಒಂದಕ್ಕೆ ಬೀಸುತ್ತೇನೆ. ಚೆಂಡೆಯಿಂದ ಚೆಂಡಿಗೆ ಬಂದ ಉಪಕಾರವಿದು.

ಪರದೆಯನ್ನು ಎರಡಾಗಿ ಸೀಳಿ, ಒಂದು ಕಡೆ ಜಗಜಟ್ಟಿಯನ್ನೂ ಇನ್ನೊಂದು ಕಡೆ ಶಿಷ್ಯನನ್ನೂ ನಿಲ್ಲಿಸಿ, ಇಬ್ಬರ ಮೇಲೂ ಹಳದಿ ಕೆಂಪು ಗೆರೆಗಳನ್ನು ಎಳೆಯುವ ಪದ್ಧತಿಯ ವಿಷಯದಲ್ಲಿ ಮಾತ್ರ ನನಗೆ ಅಷ್ಟಾಗಿ ಗೌರವವಿಲ್ಲ. ಜಿಮ್ ಫ್ಯೂರಿಕ್ ಎಂಬ ಅಮೆರಿಕದ ಆಟಗಾರನ ಕೋಲು ಮೇಲಕ್ಕೆ ಒಂದು ದಾರಿಯಲ್ಲಿ ಹೋಗಿ, ತುದಿಯಲ್ಲಿ ಸುತ್ತುಹಾಕಿ, ಕೆಳಕ್ಕೆ ಬೇರೊಂದು ದಾರಿಯಲ್ಲಿ ಬರುತ್ತದೆ. ಗೆರೆ ಎಳೆಯುವವರು ಅವನನ್ನು ಎಳವೆಯಲ್ಲೇ ಹಿಡಿದಿದ್ದರೆ ತಿದ್ದದೆ ಬಿಡುತ್ತಿರಲಿಲ್ಲ. ಅವನಿಗೆ ಕಲಿಸಿದವನು ಅವನ ತಂದೆಯೊಬ್ಬನೇ, ತಂದೆ ಆ ಸುತ್ತನ್ನು ಮುಟ್ಟಲಿಲ್ಲ. ಫ್ಯೂರಿಕ್ 2003ರಲ್ಲಿ ಅಮೆರಿಕದ ಓಪನ್ ಗೆದ್ದನು, 2016ರಲ್ಲಿ ಒಂದು ಸುತ್ತನ್ನು 58 ಪೆಟ್ಟುಗಳಲ್ಲಿ ಮುಗಿಸಿದನು. ನಮ್ಮವರೇ ಆದ ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೋಡಿ. 2021ರ ಆಗಸ್ಟಿನಲ್ಲಿ, ಟೋಕಿಯೋ ಒಲಿಂಪಿಕ್ಸಿನಲ್ಲಿ, ಚೆಂಡನ್ನು ಅವರಿಗಿಂತ ಬಹುದೂರ ಹೊಡೆಯುವವರ ನಡುವೆ, ತಾಯಿಯನ್ನೇ ಕೋಲುಗಳ ಚೀಲ ಹೊರುವ ಕ್ಯಾಡಿಯಾಗಿಸಿಕೊಂಡು ಆಡಿ, ಒಂದೇ ಪೆಟ್ಟಿನಿಂದ ಕಂಚಿನ ಪದಕವನ್ನು ಕಳೆದುಕೊಂಡು ನಾಲ್ಕನೆಯವರಾದರು. ಅಲ್ಲಿಯವರೆಗೆ ಅವರನ್ನು ತಂದುದು ಹಸಿರಿನ ಮೇಲಣ ಮೃದುವಾದ ತಳ್ಳು, ಕುಳಿಯ ಸುತ್ತಲಿನ ಇಳಿಜಾರನ್ನು ಓದುವ ಕಣ್ಣು. ಅವನ್ನು ಯಾವ ಮಂದಗತಿಯ ಚಿತ್ರದಲ್ಲಿ ಹಿಡಿಯುವುದು? ಚೆಂಡು ಹೊರಡುವ ದಿಕ್ಕನ್ನು ಬಹುಮಟ್ಟಿಗೆ ನಿರ್ಣಯಿಸುವುದು ಕೋಲಿನ ದಾರಿಗಿಂತ ಹೆಚ್ಚಾಗಿ ಸ್ಪರ್ಶಕ್ಷಣದಲ್ಲಿ ಕೋಲಿನ ಮುಖ ತಿರುಗಿರುವ ಬಗೆಯೆಂಬುದನ್ನು ಕೂಡ ವಿಡಿಯೊ ತೋರಿಸಲಾರದೆ, ಅದನ್ನು ಸ್ಪಷ್ಟಪಡಿಸಲು ರಾಡಾರ್ ಯಂತ್ರಗಳೇ ಬರಬೇಕಾಯಿತು.

ಕಳೆದ ವಾರ ಪಾಠ ಮುಗಿಸಿ ಬಸ್ಸಿನಲ್ಲಿ ಹಂಪನಕಟ್ಟೆಗೆ ಮರಳಿ, ಹೋಟೆಲೊಂದರಲ್ಲಿ ಬನ್ಸ್ ತಿನ್ನುತ್ತ, ಅಂದಿನ ಚಿತ್ರವನ್ನು ಹಿಂದೆ ಮುಂದೆ ಓಡಿಸಿ ನೋಡುತ್ತಿದ್ದೆ. ಅದೇ ಮೇಜಿನ ಎದುರು ಕುಳಿತು ಚಾ ಕುಡಿಯುತ್ತಿದ್ದ ಅಪರಿಚಿತರೊಬ್ಬರು ಬಹಳ ಹೊತ್ತು ಓರೆಗಣ್ಣಿನಿಂದ ಗಮನಿಸಿ, ತಡೆಯಲಾರದೆ, "ಎಂತ ಮಾರಾಯ್ರೆ, ಹಾವು ಹೊಡೀಲಿಕ್ಕೆ ಕಲಿಯುದಾ?" ಎಂದು ಕೇಳಿದರು. ಗಾಲ್ಫ್ ಎಂದೆ. ಅವರು ಮೊಬೈಲನ್ನು ತಮ್ಮತ್ತ ತಿರುಗಿಸಿಕೊಂಡು ಎರಡು ಸಲ ನೋಡಿ, "ಆ ಮನುಷ್ಯ ಹೊಡೆಯುವ ಮೊದಲೇ ಚೆಂಡು ಎಲ್ಲಿ ಹೋಯಿತು ಅಂತ ನೋಡ್ತಾನಲ್ಲ" ಎಂದರು. ಆ ಮನುಷ್ಯ ನಾನೇ ಎಂದು ಹೇಳುವ ಧೈರ್ಯವಾಗಲಿಲ್ಲ. ಮರುದಿನ ಗುರುವಿಗೆ ಈ ಮಾತನ್ನು ವರದಿ ಮಾಡಿದಾಗ, ಅವನು, ತಾನು ಮುಂದಿನ ತಿಂಗಳು ಹೇಳಬೇಕೆಂದು ಇಟ್ಟುಕೊಂಡಿದ್ದುದು ಅದನ್ನೇ ಎಂದು ನಕ್ಕು, ಎರಡು ವಾರಗಳ ಕಾಲ ಮೊಬೈಲನ್ನು ಮುಟ್ಟಕೂಡದೆಂದು ನನಗೆ ಕಟ್ಟಪ್ಪಣೆ ಮಾಡಿದನು. ಅದರಲ್ಲಿ ಇಂದಿಗೆ ಐದು ದಿನಗಳು ಕಳೆದಿವೆ. ನಾಳೆ ಮಳೆ ಬಾರದಿದ್ದರೆ ಬೆಳಗಿನ ಮೊದಲ ಬಸ್ಸಿಗೆ ಹೊರಡುವವನಿದ್ದೇನೆ.